ಕೂತಾಗ ಮಾತ್ರ ಉಜ್ಜುವ ಚಕ್ರ

ವಕ್ಕಲೇರಿಯಲ್ಲಿ ಸೈಕಲ್ ಇಟ್ಟುಕೊಂಡವರಿಗೆಲ್ಲ ಓಬೇದುಲ್ಲಾ ಸಾಬರು ಗೊತ್ತು. ಪಂಕ್ಚರ್ ಹಾಕುವವರು ಯಾವ ಊರಿನಲ್ಲಾದರೂ ಸಿಗುತ್ತಾರೆ. ಆದರೆ ಚಕ್ರದ ಬೆಂಡು ತೆಗೆಸಬೇಕು ಅಂದರೆ ನರಸಾಪುರದ ಕಡೆಯಿಂದಲೂ ಜನ ಇಲ್ಲಿಗೇ ಬರುತ್ತಿದ್ದರು. 'ಚಕ್ರದ ಸಾಬರು' ಅಂತಲೇ ಅವರಿಗೆ ಹೆಸರು. ಆ ಹೆಸರನ್ನು ಅವರು ಸನ್ಮಾನದಲ್ಲಿ ಹೊದಿಸಿದ ಶಾಲಿನ ಹಾಗೆ ಹೆಗಲ ಮೇಲೆ ಹಾಕಿಕೊಂಡೇ ಓಡಾಡುತ್ತಿದ್ದರು. ನಿಜ ಹೇಳಬೇಕೆಂದರೆ, ಅಂಗಡಿ ಇಟ್ಟಾಗಿನಿಂದ ಸಾಬರು ಒಂದೇ ಒಂದು ಚಕ್ರವನ್ನೂ ನೆಟ್ಟಗೆ ಮಾಡಿದವರಲ್ಲ. ಆ ಕೆಲಸ ಮಾಡುತ್ತಿದ್ದವಳು ಅವರ ಹೆಂಡತಿ ಅಮೀನಾ ಬೀ.

ಅಂಗಡಿ ಅಂದರೆ ಮನೆಯ ಮುಂದಿನ ಕೋಣೆಯೇ. ರಸ್ತೆಗೆ ತೆರೆದ ಬಾಗಿಲು, ಮೊಳೆಗೆ ನೇತುಹಾಕಿದ ಹಳೇ ಟೈರುಗಳು, ತೂತು ಹುಡುಕಲು ನೀರು ತುಂಬಿದ ಬಾಣಲೆ, ಗಾಳಿ ಹೊಡೆಯುವ ಪಂಪು. ಅದರ ಹಿಂದೆ ನಡುಬಾಗಿಲು. ನಡುಬಾಗಿಲು ದಾಟಿದರೆ ಅಡುಗೆಮನೆ, ಅದರಾಚೆ ಹಿತ್ತಲಿನ ಜಗಲಿ. ಗಿರಾಕಿ ಬಂದು ಚಕ್ರ ಬ್ರೇಕಿಗೆ ಉಜ್ಜುತ್ತದೆ ಅಂದರೆ ಸಾಬರು ಅದನ್ನೊಮ್ಮೆ ತಿರುಗಿಸುವರು, ಡಾಕ್ಟರು ನಾಡಿ ಹಿಡಿದ ಹಾಗೆ ಮುಖ ಮಾಡುವರು, "ಇದು ಕೂತು ಮಾಡೋ ಕೆಲಸ, ಬಿಟ್ಟೋಗಿ, ಸಾಯಂಕಾಲ ಬನ್ನಿ" ಅನ್ನುವರು. ಗಿರಾಕಿ ತಿರುವು ದಾಟಿದ ಮೇಲೆ ಚಕ್ರವನ್ನು ಬಿಚ್ಚಿ ನಡುಬಾಗಿಲ ಒಳಗೆ ಗೋಡೆಗೆ ಒರಗಿಸುವರು. ಚಕ್ರ ಮಾತ್ರ ಒಳಗೆ ಬರುತ್ತಿತ್ತು, ಸೈಕಲ್ ಹೊರಗೇ ಇರುತ್ತಿತ್ತು. ಹೊರಗಿನದು ಸಾಬರಿಗೆ, ಒಳಗಿನದು ಅವಳಿಗೆ. ಇದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಮಾಡಿಕೊಂಡ ಒಪ್ಪಂದವಲ್ಲ. ತಾನಾಗಿಯೇ ಆದದ್ದು, ಹಾಗೇ ನಡೆದುಕೊಂಡು ಬಂದದ್ದು. ಅದು ಒಂದು ದಿನ ಯಾರದೋ ಮನೆಯ ಹೆಣ್ಣುಮಗಳ ಪ್ರಾಣಕ್ಕೆ ಬರುತ್ತದೆ ಅಂತ ಯಾರೂ ಎಣಿಸಿರಲಿಲ್ಲ.

ಅಮೀನಾ ಬೀ ಮುಳಬಾಗಿಲಿನವಳು. ಅವಳ ತಂದೆಯ ಮನೆಯಲ್ಲಿ ಮಂಚಕ್ಕೆ ಹಗ್ಗ ಹೆಣೆಯುತ್ತಿದ್ದರು. ಗಂಡಸರು ಚೌಕಟ್ಟು ಮಾಡಿದರೆ ಹೆಂಗಸರು ಮಕ್ಕಳು ಹಗ್ಗ ಎಳೆಯುವುದು. ಒಂದು ಮೂಲೆಯಲ್ಲಿ ಬಿಗಿ ಹೆಚ್ಚಾದರೆ ಎದುರಿನ ಕಾಲು ನೆಲ ಬಿಟ್ಟು ಮೇಲೇಳುತ್ತದೆ, ಇಡೀ ಮಂಚ ಕುಂಟುತ್ತದೆ. ಇದು ಅವಳಿಗೆ ಓದು ಬರಹಕ್ಕಿಂತ ಮೊದಲೇ ಕೈಗೆ ಬಂದಿತ್ತು. ಮದುವೆಯಾಗಿ ವಕ್ಕಲೇರಿಗೆ ಬಂದ ಹೊಸತರಲ್ಲಿ ಗಂಡ ಒಂದು ಚಕ್ರದ ಮುಂದೆ ಕೂತು ಬೆವರು ಸುರಿಸುವುದನ್ನು ಬಾಗಿಲ ಸಂದಿಯಿಂದ ನೋಡಿದಳು. ಎಲ್ಲಿ ಉಜ್ಜುತ್ತದೋ ಅಲ್ಲಿಯ ಕಡ್ಡಿಯನ್ನೇ ಹಿಡಿದು ಬಿಗಿ ಮಾಡುತ್ತಿದ್ದರು ಮಹಾನುಭಾವರು. ಚಕ್ರ ದುಂಡಗಿದ್ದದ್ದು ಹೋಗಿ ಕೋಳಿಮೊಟ್ಟೆಯಾಗಿತ್ತು. ಅವರು ಬೈದುಕೊಳ್ಳುತ್ತಾ ನಮಾಜಿಗೆ ಎದ್ದು ಹೋದರು. ವಾಪಸ್ ಬರುವಷ್ಟರಲ್ಲಿ ಚಕ್ರ ಸದ್ದಿಲ್ಲದೆ ತಿರುಗುತ್ತಿತ್ತು. ಸಾಬರು ಅದನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಮಾರನೆಯ ದಿನ ಇನ್ನೊಂದು ಚಕ್ರ ತಂದು ಒಳಗೆ ಇಟ್ಟರು.

ಅಲ್ಲಿಂದ ಮುಂದೆ ಅವಳ ಬದುಕೆಲ್ಲ ಆ ಜಗಲಿಯ ಮೇಲೆ ನಡೆಯಿತು. ಮರದ ದಿಮ್ಮಿಯ ಮೇಲೆ ಒಂದು ಹಳೇ ಫೋರ್ಕನ್ನು, ಅಂದರೆ ಮುಂದಿನ ಚಕ್ರವನ್ನು ಎರಡು ಕಾಲುಗಳ ನಡುವೆ ಹಿಡಿಯುವ ಕವೆಯನ್ನು, ತಲೆಕೆಳಗಾಗಿ ಮೊಳೆ ಹೊಡೆದು ನಿಲ್ಲಿಸಿಕೊಂಡಿದ್ದಳು. ಅದರಲ್ಲಿ ಚಕ್ರ ಸಿಕ್ಕಿಸುವುದು, ರಿಮ್ಮಿನ ಪಕ್ಕದಲ್ಲಿ ಒಂದು ಸೀಮೆಸುಣ್ಣದ ತುಂಡು ಹಿಡಿಯುವುದು, ನಿಧಾನಕ್ಕೆ ತಿರುಗಿಸುವುದು. ಎಲ್ಲಿ ಬೆಂಡಿದೆಯೋ ಅಲ್ಲಿ ಬಿಳಿ ಗೀಟು ಬೀಳುತ್ತದೆ. ಆ ಕಡೆಯ ಕಡ್ಡಿ ಕೊಂಚ ಸಡಿಲ, ಎದುರು ಕಡೆಯದು ಕೊಂಚ ಬಿಗಿ. ಮತ್ತೆ ಗೀಟು ಒರೆಸುವುದು, ಮತ್ತೆ ತಿರುಗಿಸುವುದು. ಸೀಮೆಸುಣ್ಣ ಎಲ್ಲೂ ತಾಕದೆ ಹೋದರೆ ಕೆಲಸ ಮುಗಿಯಿತು. ಮಗಳು ತರನ್ನುಮ್ಮಳನ್ನು ಕಾಲಿನ ಮೇಲೆ ಮಲಗಿಸಿಕೊಂಡು ತಟ್ಟುತ್ತಾ ಚಕ್ರ ತಿರುಗಿಸಿದ್ದುಂಟು. ಆ ಮಗಳನ್ನು ಮಾಲೂರಿಗೆ ಮದುವೆ ಮಾಡಿಕೊಟ್ಟ ವಾರದಲ್ಲಿ ಕಣ್ಣೊರೆಸಿಕೊಳ್ಳುತ್ತಾ ತಿರುಗಿಸಿದ್ದೂ ಉಂಟು. ಊರಲ್ಲಿ ಅವಳು ಸಾಬರ ಹೆಂಡತಿ, ರೇಷನ್ ಅಂಗಡಿಯಲ್ಲಿ ಬೂಬಮ್ಮ, ಅಷ್ಟೆ. ಇದಕ್ಕೆ ಅವಳಿಗೆ ಬೇಸರವಿತ್ತೇ? ಇತ್ತು. ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಬೇಸರವನ್ನು ಬಹಳ ದಿನ ಇಟ್ಟುಕೊಂಡರೆ ಅದೂ ಮನೆಯ ಸಾಮಾನಿನ ಹಾಗೆ ಆಗಿಬಿಡುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಒಂದು ಹೆಮ್ಮೆ ಮಾತ್ರ ಅವಳು ಬಿಟ್ಟುಕೊಟ್ಟಿರಲಿಲ್ಲ. ಅವಳ ಕೈಯಿಂದ ಆಚೆ ಹೋದ ಚಕ್ರ ಅದೇ ದೂರು ಹೊತ್ತು ವಾಪಸ್ ಬಂದದ್ದಿಲ್ಲ.

ಹಾಗೆ ಬಂದ ಮೊದಲ ಚಕ್ರ ದಿವ್ಯಳದು.

ದಿವ್ಯ ಚನ್ನರಾಯಪ್ಪನ ಮಗಳು. ಚನ್ನರಾಯಪ್ಪ ರಾಗಿ ಟೊಮೆಟೊ ಬೆಳೆಯುತ್ತಾ, ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವನು. ಹುಡುಗಿ ಪಿಯುಸಿ ಮುಗಿಸಿ ನರಸಾಪುರದ ಒಂದು ಕಂಪನಿಗೆ ಸೇರಿಕೊಂಡಿದ್ದಳು. ಮಧ್ಯಾಹ್ನದ ಶಿಫ್ಟು. ಊರಿನಿಂದ ಕ್ರಾಸಿನವರೆಗೆ ಸೈಕಲ್, ಅಲ್ಲಿಂದ ಕಂಪನಿ ಬಸ್ಸು. ಎಂಟನೇ ಕ್ಲಾಸಿನಲ್ಲಿ ಸ್ಕೂಲಿನಿಂದ ಬಂದ ಸೈಕಲನ್ನೇ ಬಣ್ಣ ಹೊಡೆಸಿ, ಮುಂದೆ ಬುಟ್ಟಿ ಹಾಕಿಸಿ ಓಡಿಸುತ್ತಿದ್ದಳು. ಕ್ರಾಸಿಗೆ ಹೋಗಬೇಕಾದರೆ ಕೆರೆಕಟ್ಟೆ ದಾಟಿ ಉದ್ದಕ್ಕೆ ಇಳಿಯಬೇಕು. ಆ ಇಳಿಜಾರಿನಲ್ಲಿ ಪೆಡಲ್ ತುಳಿಯುವುದೇ ಬೇಡ, ಬ್ರೇಕಿನ ಮೇಲೆ ಬೆರಳಿಟ್ಟು ಕೂತರೆ ಸಾಕು.

ಮೊದಲ ಸಲ ಬಂದಾಗ ಅವಳ ಮಾತು ನಡುಬಾಗಿಲಿಗೆ ಚೆನ್ನಾಗಿಯೇ ಕೇಳಿಸಿತು.

"ಸಾಬ್ರೇ, ಮುಂದಿನ ಚಕ್ರ ಬ್ರೇಕ್ ರಬ್ಬರ್‌ಗೆ ಉಜ್ಜುತ್ತೆ. ನನ್ನ ತಮ್ಮ ಉಮೇಶ ಹಾಲಿನ ಕ್ಯಾನ್ ಇಟ್ಕೊಂಡು ಹೋಗಿ ಮೋರಿಗೆ ಗುದ್ಬಿಟ್ಟ. ಅವನಿಗೇನೂ ಆಗ್ಲಿಲ್ಲ, ಏಟೆಲ್ಲಾ ಸೈಕಲ್‌ಗೇ ಬಿತ್ತು."

"ಬಿಟ್ಟೋಗಮ್ಮಾ. ನಾಳೆ ಶಿಫ್ಟಿಗೆ ಹೋಗೋ ಹೊತ್ತಿಗೆ ತಗೊಂಡೋಗು."

ಚಕ್ರ ಒಳಗೆ ಬಂತು. ನಿಜಕ್ಕೂ ಬೆಂಡಾಗಿತ್ತು, ಸೀಮೆಸುಣ್ಣ ಅರ್ಧ ರಿಮ್ಮಿಗೇ ಗೀಟು ಎಳೆಯಿತು. ಅಮೀನಾ ಬೀ ಇಡೀ ಸಾಯಂಕಾಲ ಅದರ ಜೊತೆ ಗುದ್ದಾಡಿ ನೆಟ್ಟಗೆ ಮಾಡಿದಳು. ಮೋರಿಗೆ ಗುದ್ದಿದ ಪೆಟ್ಟು ಚಕ್ರದಲ್ಲಿ ಮಾತ್ರ ಉಳಿಯಿತೋ ಇನ್ನೂ ಮೇಲಕ್ಕೆ ಹೋಯಿತೋ ಅಂತ ಅವಳು ಯೋಚಿಸಲಿಲ್ಲ. ಹೇಗೆ ಯೋಚಿಸಿಯಾಳು? ಅವಳ ಕಣ್ಣಿಗೆ ಬೀಳುತ್ತಿದ್ದುದು ಚಕ್ರ ಒಂದೇ. ಅದನ್ನು ಹಿಡಿದುಕೊಂಡ ಫೋರ್ಕು ಹೊರಗೆ ಸಾಬರ ಕೋಣೆಯಲ್ಲಿತ್ತು. ಸಾಬರೋ, ಚಕ್ರ ಸಿಕ್ಕಿಸಿ ಸೈಕಲ್ ಎತ್ತಿ ಒಮ್ಮೆ ತಿರುಗಿಸಿದರು, ಉಜ್ಜಲಿಲ್ಲ, ಕೈ ಒರೆಸಿಕೊಂಡರು.

ಕೆಲವು ದಿನ ಕಳೆದು ಅದೇ ಚಕ್ರ ಮತ್ತೆ ಗೋಡೆಗೆ ಒರಗಿತ್ತು.

"ಮತ್ತೆ ಉಜ್ಜುತ್ತಂತೆ," ಅಂದರು ಸಾಬರು, ಅವಳ ಕಡೆ ನೋಡದೆ.

ಅಮೀನಾ ಬೀಗೆ ಮೈ ಉರಿದು ಹೋಯಿತು. ಸೀಮೆಸುಣ್ಣ ಹಿಡಿದು ತಿರುಗಿಸಿದಳು. ಒಂದೇ ಒಂದು ಕಡೆ ನವಿರಾಗಿ ತಾಕಿತು, ಅಷ್ಟೇ. ಅದನ್ನೂ ತೆಗೆದು ಕಳಿಸಿದಳು. ಆದರೂ ಒಳಗೊಳಗೇ ಏನೋ ಕೊರೆಯಿತು. ಇಷ್ಟಕ್ಕೆಲ್ಲ ಚಕ್ರ ಉಜ್ಜುವುದಿಲ್ಲ. ಹುಡುಗಿಗೆ ಅನುಮಾನದ ರೋಗವಿರಬೇಕು ಅಂತ ಸಮಾಧಾನ ಮಾಡಿಕೊಂಡಳು.

ಮೂರನೆಯ ಸಲ ಹುಡುಗಿ ಬಂದಾಗ ಅವಳು ಬೇಕೆಂದೇ ನಡುಬಾಗಿಲ ಹತ್ತಿರ ಸೊಪ್ಪು ಬಿಡಿಸುತ್ತಾ ಕೂತಿದ್ದಳು.

"ಸಾಬ್ರೇ, ಬೇಜಾರು ಮಾಡ್ಕೋಬೇಡಿ. ಎತ್ತಿ ತಿರುಗಿಸಿದ್ರೆ ಏನೂ ಇಲ್ಲ. ನಾನು ಕೂತಾಗ ಮಾತ್ರ ಉಜ್ಜುತ್ತೆ."

ಸಾಬರು ನಕ್ಕರು. "ಕಂಪನಿ ಕ್ಯಾಂಟೀನ್ ಊಟ ಮೈಗೆ ಹತ್ತಿರ್ಬೇಕು ಕಣಮ್ಮಾ."

"ಅಯ್ಯೋ, ತಮಾಷೆ ಅಲ್ಲ ಸಾಬ್ರೇ. ಇಳಿಜಾರಲ್ಲಿ ಸರ್ರಂತ ಒಂದೇ ಸಮ ಸದ್ದು ಬರುತ್ತೆ. ನನಗೆ ಒಂಥರಾ ಭಯ ಆಗುತ್ತೆ."

"ನಾನಿದೀನಲ್ಲಮ್ಮಾ, ಭಯ ಯಾಕೆ? ಬಿಟ್ಟೋಗು."

ಚಕ್ರ ಒಳಗೆ ಬಂತು. ಈ ಸಲ ಸೀಮೆಸುಣ್ಣ ಎಲ್ಲೂ ತಾಕಲಿಲ್ಲ. ತಿರುಗಿಸಿದಳು, ಇನ್ನೊಮ್ಮೆ ತಿರುಗಿಸಿದಳು. ಹೊಸ ಬಳೆಯ ಹಾಗೆ ತಿರುಗುತ್ತಿತ್ತು ಚಕ್ರ.

"ಇದರಲ್ಲಿ ಏನೂ ಇಲ್ಲ ಅಜಿ," ಅಂದಳು. ಮನೆಯೊಳಗೆ ಅವರ ಮಾತೆಲ್ಲ ದಖನಿಯಲ್ಲೇ, ಗಂಡನನ್ನು ಅವಳು ಕರೆಯುತ್ತಿದ್ದುದೂ ಹಾಗೇ, ಅಜಿ ಅಂತ.

"ಏನೂ ಇಲ್ಲ ಅಂದ್ರೆ ಹೆಂಗೆ? ಉಜ್ಜುತ್ತೆ ಅಂತಾಳಲ್ಲ. ಊರಲ್ಲೆಲ್ಲ ಹೇಳ್ಕೊಂಡು ಬರ್ತಾಳೆ. ಉಜ್ಜದ ಹಾಗೆ ಏನಾದ್ರೂ ಮಾಡಿಕೊಡು."

ಏನಾದ್ರೂ ಮಾಡಿಕೊಡು. ಆ ಮಾತಿಗೆ ಅವಳು 'ಆಗಲ್ಲ, ಸೈಕಲ್ ತೋರಿಸಿ' ಅನ್ನಬಹುದಿತ್ತು. ಎದ್ದು ನಾಲ್ಕು ಹೆಜ್ಜೆ ಇಟ್ಟಿದ್ದರೆ ಅಂಗಡಿಯಲ್ಲೇ ನಿಂತಿತ್ತು ಸೈಕಲ್. ಆದರೆ ಚಕ್ರ ಎರಡು ಸಲ ವಾಪಸ್ ಬಂದ ಅವಮಾನ ಅವಳ ನೆತ್ತಿಗೇರಿತ್ತು. 'ಯಾವ ಕಡೆ ಉಜ್ಜುತ್ತೆ' ಅಂತಷ್ಟೇ ಕೇಳಿದಳು. ಎಡಗಡೆ ಅಂದರು. ಬಲಗಡೆಯ ಕಡ್ಡಿಗಳನ್ನೆಲ್ಲ ಒಂದೊಂದಾಗಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿ, ಎಡಗಡೆಯವನ್ನು ಸಡಿಲಿಸಿ, ಸರಿಯಾಗಿದ್ದ ರಿಮ್ಮನ್ನು ಬಲಗಡೆಗೆ ಎಳೆದು ಕೂರಿಸಿದಳು. ಅಡ್ಡಾದಿಡ್ಡಿಯಾಗಿ ಎಳೆಯಲಿಲ್ಲ, ಅಚ್ಚುಕಟ್ಟಾಗಿ ಎಳೆದಳು. ಹೊರಗೆ ಸಾಬರೂ ತಮ್ಮ ಪಾಲಿಗೆ ಬ್ರೇಕ್ ರಬ್ಬರುಗಳನ್ನು ಒಂದಿಷ್ಟು ಅಗಲಿಸಿದರು. ಗಂಡ ಹೆಂಡತಿ ಇಬ್ಬರೂ ಸೇರಿ ಆ ಸದ್ದಿನ ಬಾಯಿ ಮುಚ್ಚಿಸಿದರು.

ಆಮೇಲೆ ದಿವ್ಯ ಬರಲಿಲ್ಲ. ದಿನಾ ಊಟದ ಹೊತ್ತಿಗೆ ಮುಂಚೆ ಅವಳ ಸೈಕಲ್ ಅಂಗಡಿಯ ಮುಂದೆ ಹಾದುಹೋಗುವುದು ಒಳಗೆ ಕೇಳಿಸುತ್ತಿತ್ತು. ತಿರುವಿನಲ್ಲಿ ಒಂದು ಬೆಲ್ಲು, ಚೈನಿನ ಕಿರಿಕಿರಿ, ಅಷ್ಟೇ. ಉಜ್ಜುವ ಸದ್ದಿಲ್ಲ. ಮೊದಮೊದಲು ಅಮೀನಾ ಬೀಗೆ ಗೆದ್ದ ಹಾಗೇ ಅನ್ನಿಸಿತು. ಬರಬರುತ್ತಾ ಆ ಹೊತ್ತಾದರೆ ಕೈಯಲ್ಲಿದ್ದ ಕೆಲಸ ನಿಲ್ಲತೊಡಗಿತು. ತೊಟ್ಟಿಲಲ್ಲಿ ಒಂದೇ ಸಮ ಅಳುತ್ತಿದ್ದ ಮಗು ಥಟ್ಟನೆ ಸುಮ್ಮನಾದರೆ ತಾಯಿ ಒಲೆಯ ಮುಂದಿನಿಂದ ಎದ್ದು ಓಡುತ್ತಾಳಲ್ಲ, ಅಂಥ ಸುಮ್ಮನಿರುವಿಕೆ ಅದು. ಸೈಕಲ್ ಹಾದುಹೋದ ಮೇಲೂ ಅವಳು ಕಿವಿಗೊಟ್ಟೇ ಕೂತಿರುತ್ತಿದ್ದಳು. ಯಾತಕ್ಕೆ ಅಂತ ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಅನ್ನ ಸೇರದಾಯಿತು. ತರನ್ನುಮ್ ಫೋನ್ ಮಾಡಿದರೂ ಮನಸ್ಸಿಟ್ಟು ಮಾತಾಡದಾದಳು.

ಆ ಶುಕ್ರವಾರ ಬೆಳಿಗ್ಗೆ ಜಗಲಿಯ ಮೇಲೆ ಯಾರದೋ ಹಿಂದಿನ ಚಕ್ರ ಇತ್ತು. ಒಂದು ಕಡ್ಡಿಯ ನಟ್ಟು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ತಿರುಗಲಿಲ್ಲ. ಒಂದು ಕೈಯಿಂದ ರಿಮ್ಮನ್ನು ಬಲವಾಗಿ ಅದುಮಿ ಹಿಡಿದು ಇನ್ನೊಂದು ಕೈಯಿಂದ ತಿರುಗಿಸಿದಳು. ಇಡೀ ಮೈಭಾರ ಚಕ್ರದ ಮೇಲಿತ್ತು. ಆದರೂ ಪಕ್ಕದಲ್ಲಿ ದಿಮ್ಮಿಗೆ ಸಿಕ್ಕಿಸಿಟ್ಟಿದ್ದ ಸೀಮೆಸುಣ್ಣ ತಾಕಲಿಲ್ಲ. ತಾಕುವುದು ಹೇಗೆ? ಫೋರ್ಕಿಗೆ ದಿಮ್ಮಿಯೊಳಗೆ ಮೊಳೆ ಹೊಡೆದಿದೆ, ಅದು ಅಲುಗುವುದಿಲ್ಲ.

ಅವಳ ಕೈ ಅಲ್ಲೇ ನಿಂತಿತು.

ಕೂತಾಗ ಮಾತ್ರ ಉಜ್ಜುತ್ತೆ ಅಂದಿದ್ದಳು ಹುಡುಗಿ. ಚಕ್ರ ಬೆಂಡಾಗಿದ್ದರೆ ಕೂತರೂ ಉಜ್ಜುತ್ತದೆ, ಕೂರದಿದ್ದರೂ ಉಜ್ಜುತ್ತದೆ, ಸುತ್ತಿಗೊಂದು ಸಲ ಸರಕ್ ಅನ್ನುತ್ತದೆ. ಇದು ಒಂದೇ ಸಮ ಸರ್ರೆನ್ನುತ್ತಿತ್ತಂತೆ. ಕೂತ ತಕ್ಷಣ ಬದಲಾಗುವುದು ಚಕ್ರವಲ್ಲ, ಚಕ್ರವನ್ನು ಹಿಡಿದುಕೊಂಡದ್ದು. ಮೇಲೆ, ಬುಟ್ಟಿಯ ಹಿಂದೆ, ಅದರ ಎರಡು ಕಾಲು ಕೂಡುವ ಜಾಗದಲ್ಲಿ ಫೋರ್ಕು ಬಿರುಕು ಬಿಟ್ಟಿದೆ. ಹುಡುಗಿಯ ಭಾರ ಬಿದ್ದಾಗಲೆಲ್ಲ ಅದು ಬಾಯಿ ಬಿಡುತ್ತಿದೆ, ಚಕ್ರ ಪಕ್ಕಕ್ಕೆ ವಾಲುತ್ತಿದೆ. ಮೋರಿಗೆ ಗುದ್ದಿದ ದಿನದಿಂದ ಆ ಸದ್ದು ಅದನ್ನೇ ಹೇಳುತ್ತಿತ್ತು. ನಾನು ಅದರ ಕತ್ತು ಹಿಸುಕಿದೆ ಅಂದುಕೊಂಡಳು ಅಮೀನಾ ಬೀ.

ಸಾಬರು ಸ್ನಾನ ಮುಗಿಸಿ ಜುಮ್ಮಾ ನಮಾಜಿಗೆ ಅತ್ತರು ಹಚ್ಚಿಕೊಳ್ಳುತ್ತಿದ್ದರು.

"ಅಜಿ, ಚನ್ನರಾಯಪ್ಪನ ಮಗಳ ಸೈಕಲ್‌ದು ಫೋರ್ಕ್ ನೋಡಿದ್ರಾ?"

"ಯಾಕೆ? ಚಕ್ರ ಸರಿಹೋಯ್ತಲ್ಲ. ಮತ್ತೆ ಬಂದಿಲ್ಲ."

"ಚಕ್ರ ಮೊದ್ಲೇ ಸರಿಯಾಗಿತ್ತು. ಫೋರ್ಕ್ ಬಿರಿದಿದೆ. ಇಳಿಜಾರಲ್ಲಿ ಮುರಿದ್ರೆ ಆ ಹುಡುಗಿ ಉಳಿಯಲ್ಲ."

ಸಾಬರ ಕೈ ಒಂದು ಗಳಿಗೆ ನಿಂತಿತು. "ನೀನು ಕಣ್ಣಾರೆ ನೋಡಿದ್ಯಾ?"

"ಇಲ್ಲ."

"ಮತ್ತೆ? ಮೂರು ಸಲ ನಾನೇ ನೋಡಿ ಕೊಟ್ಟಿದೀನಿ. ಈಗ ಅವರ ಮನೆಗೆ ಹೋಗಿ, ನಾನು ಸರಿಯಾಗಿ ನೋಡಿರ್ಲಿಲ್ಲ ಅಂತ ಹೇಳ್ಲಾ? ಊರಲ್ಲಿ ಮುಖ ಎತ್ಕೊಂಡು ಓಡಾಡೋದು ಬೇಡ್ವಾ?"

"ಇನ್ನು ಸ್ವಲ್ಪ ಹೊತ್ತಿಗೆ ಅವಳು ಶಿಫ್ಟಿಗೆ ಹೋಗ್ತಾಳೆ."

"ಇಷ್ಟು ದಿನ ಹೋಗಿಲ್ವಾ? ಇವತ್ತೊಂದು ದಿನಕ್ಕೆ ಏನಾಗಿಬಿಡುತ್ತೆ? ನಾಳೆ ಏನಾದ್ರೂ ನೆಪ ಹೇಳಿ ಕರೆಸಿ ನೋಡ್ತೀನಿ."

ಸಾಬರು ಕೆಟ್ಟ ಮನುಷ್ಯರೇನಲ್ಲ. ನಾಳೆ ನೋಡುತ್ತೇನೆ ಅಂದದ್ದನ್ನು ನಿಜವಾಗಿಯೂ ನೋಡುತ್ತಿದ್ದರು. ಊರಿಗೆ ಊರೇ ಕೊಟ್ಟ ಹೆಸರನ್ನು ಕಳೆದುಕೊಳ್ಳುವ ಭಯ, ಅದೂ ಅದು ತಮ್ಮದಲ್ಲ ಅಂತ ಗೊತ್ತಿದ್ದವರ ಭಯ, ಬಹಳ ಕೆಟ್ಟದ್ದು. ಟೋಪಿ ಹಾಕಿಕೊಂಡು, ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಹೋದರು.

ಅಮೀನಾ ಬೀ ಸ್ವಲ್ಪ ಹೊತ್ತು ಒಳಗೇ ಸುಳಿದಾಡಿದಳು. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು, ಅಂಗಡಿಯನ್ನು ದಾಟಿ ರಸ್ತೆಗೆ ಬಂದು ನಿಂತಳು. ಎದುರಿಗೆ ಮುನಿರಾಮಪ್ಪನ ಟೀ ಅಂಗಡಿ. ಬೆಂಚಿನ ಮೇಲೆ ಗಂಡಸರು ಕೂತಿದ್ದರು. ಬಿಸಿಲಿಗೆ ಡಾಂಬರು ಮಿರುಗುತ್ತಿತ್ತು. ತಿರುವಿನಲ್ಲಿ ಬೆಲ್ಲು ಕೇಳಿಸಿತು.

"ದಿವ್ಯಾ, ಸ್ವಲ್ಪ ನಿಂತ್ಕೋಮ್ಮಾ."

ಹುಡುಗಿ ಒಂದು ಕಾಲು ನೆಲಕ್ಕೂರಿ ನಿಂತಳು. ಕುತ್ತಿಗೆಯಲ್ಲಿ ಕಂಪನಿಯ ಕಾರ್ಡು, ಬುಟ್ಟಿಯಲ್ಲಿ ಊಟದ ಚೀಲ. "ಏನ್ ಆಂಟಿ?"

"ಇವತ್ತು ಇದರ ಮೇಲೆ ಹೋಗ್ಬೇಡ. ಇಲ್ಲೇ ಬಿಟ್ಟು, ಯಾರದಾದ್ರೂ ಬೈಕಲ್ಲಿ ಹೋಗು."

"ಯಾಕಾಂಟಿ?"

"ಫೋರ್ಕ್ ಸರಿಯಿಲ್ಲ ಅನ್ಸುತ್ತೆ."

ಅಮೀನಾ ಬೀ ಬಗ್ಗಿ ನೋಡಿದಳು. ಬುಟ್ಟಿಯ ಕಂಬಿ, ಮಡ್‌ಗಾರ್ಡು, ಹೊಸದಾಗಿ ಹೊಡೆಸಿದ ಗುಲಾಬಿ ಬಣ್ಣ. ಕಾಲು ಕೂಡುವ ಜಾಗ ಇವೆಲ್ಲದರ ಹಿಂದೆ ಅಡಗಿತ್ತು, ಏನೂ ಕಾಣಲಿಲ್ಲ. ಹುಡುಗಿ ಫೋನಿನಲ್ಲಿ ಟೈಮ್ ನೋಡಿದಳು.

"ಸಾಬ್ರು ಹೇಳಿದ್ರಾ?"

"ಇಲ್ಲ. ನನಗೇ ಅನ್ನಿಸ್ತು."

ದಿವ್ಯ ನಕ್ಕಳು. ಕೊಂಕು ನಗೆಯಲ್ಲ, ಅಮ್ಮಂದಿರ ಹೆದರಿಕೆಗೆ ಮಕ್ಕಳು ನಗುವ ನಗೆ. "ನಿಮಗೆ ಹೆಂಗೆ ಗೊತ್ತಾಯ್ತು ಆಂಟಿ?"

ಇಷ್ಟು ವರ್ಷದಲ್ಲಿ ಯಾರೂ ಅವಳನ್ನು ಕೇಳದೆ ಇದ್ದ ಪ್ರಶ್ನೆ ಅದು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆ ಚಕ್ರ ಮಾಡಿದ್ದೇ ನಾನು ಅಂದಿದ್ದರೆ ಸಾಕಿತ್ತು. ಬೆಂಚಿನ ಮೇಲಿನ ಗಂಡಸರು ಇತ್ತಲೇ ನೋಡುತ್ತಿದ್ದರು. ಮುನಿರಾಮಪ್ಪ ಟೀ ಎತ್ತಿ ಸುರಿಯುವುದನ್ನು ನಿಲ್ಲಿಸಿ ಕತ್ತು ಉದ್ದ ಮಾಡಿದ್ದ. ಅಮೀನಾ ಬೀ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

"ಹಂಗೇ… ಅನ್ನಿಸ್ತು ಅಷ್ಟೆ," ಅಂದಳು.

"ಸಾಬ್ರೇ ನೋಡಿ ಕೊಟ್ಟಿದ್ದಾರಲ್ಲ ಆಂಟಿ. ಈಗ ಒಂಚೂರೂ ಸದ್ದಿಲ್ಲ. ಅವರ ಕೈಯಿಂದ ಬಂದ ಚಕ್ರಕ್ಕೆ ಏನೂ ಆಗಲ್ಲ ಬಿಡಿ. ಬಸ್ಸಿಗೆ ಲೇಟಾಗುತ್ತೆ, ಬರ್ತೀನಿ."

ಅವಳು ಪೆಡಲ್ ಮೇಲೆ ಎದ್ದು ನಿಂತು ತುಳಿದಳು. ಸೈಕಲ್ ದೂರವಾಯಿತು. ಚಕ್ರ ನಿಜಕ್ಕೂ ಸದ್ದು ಮಾಡಲಿಲ್ಲ. ಹುಡುಗಿ ನಂಬಿದ್ದು ಸಾಬರ ಕೈಯನ್ನು, ಆ ಕೈ ತನ್ನದೇ ಅಂತ ಅಮೀನಾ ಬೀ ರಸ್ತೆಯಲ್ಲಿ ನಿಂತು ಅರ್ಥ ಮಾಡಿಕೊಂಡಳು. ತಾನು ಕಟ್ಟಿದ ಹೆಸರೇ ತನ್ನ ಮಾತನ್ನು ಸುಳ್ಳು ಮಾಡಿ ಹೋಗಿತ್ತು. ಓಡಿಹೋಗಿ ಹ್ಯಾಂಡಲ್ ಹಿಡಿದು ಜಗ್ಗಬೇಕಿತ್ತು. ಕಾಲು ಬರಲಿಲ್ಲ.

ಒಳಗೆ ಬಂದು ಅಡುಗೆಮನೆಯ ನೆಲದ ಮೇಲೆ ಕೂತಳು. ಅನ್ನದ ಎಸರು ಉಕ್ಕಿ ಒಲೆಯ ಮೇಲೆ ಹರಿಯಿತು, ಏಳಲಿಲ್ಲ. ಈಗ ಕೆರೆಕಟ್ಟೆ ಮೇಲಿರುತ್ತಾಳೆ. ಈಗ ಇಳಿಜಾರು. ಈಗ ಕ್ರಾಸು ತಲುಪಿರಬೇಕು, ಬಸ್ಸು ಹತ್ತಿರಬೇಕು. ಅಲ್ಲಾ, ಹತ್ತಿಬಿಟ್ಟಿರಲಿ. ಮಸೀದಿಯಿಂದ ಮೈಕಿನ ಸದ್ದು ಬರುತ್ತಿತ್ತು. ಅದರ ನಡುವೆ ಒಂದು ಬೈಕು ಕೆರೆಯ ಕಡೆಯಿಂದ ವೇಗವಾಗಿ ಬಂದು ಟೀ ಅಂಗಡಿಯ ಮುಂದೆ ನಿಂತಿತು. ಯಾರೋ ಏದುಸಿರು ಬಿಡುತ್ತಾ ಮಾತಾಡಿದರು. ಬೆಂಚು ಬಿದ್ದ ಸದ್ದು, ಓಡುವ ಕಾಲುಗಳ ಸದ್ದು. ಚನ್ನರಾಯಪ್ಪನ ಹೆಸರು ಹಿಡಿದು ಯಾರೋ ಕೂಗಿದರು.

ಸಾಬರು ಮನೆಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಹುಡುಗಿಯನ್ನು ಕೋಲಾರದ ದೊಡ್ಡ ಆಸ್ಪತ್ರೆಗೆ ಒಯ್ದಿದ್ದಾರೆ, ತಲೆಗೆ ಪೆಟ್ಟು, ಇನ್ನೂ ಕಣ್ಣು ಬಿಟ್ಟಿಲ್ಲ ಅನ್ನುವ ಸುದ್ದಿ ಸಂಜೆಗೆ ಬಂತು.

ಮಾರನೆಯ ದಿನ ಬೆಳಿಗ್ಗೆ ಮುನಿರಾಮಪ್ಪ ಇಳಿಜಾರಿನಿಂದ ಸೈಕಲನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ಬಂದು ಸಾಬರ ಅಂಗಡಿಯ ಮುಂದೆ ಇಳಿಸಿದ. ಜನ ಸೇರಿದರು. ಫೋರ್ಕು ಕುತ್ತಿಗೆಯ ಹತ್ತಿರ ಮುರಿದು ಎರಡಾಗಿತ್ತು. ಮುರಿದ ಬಾಯಲ್ಲಿ ಅರ್ಧ ಹಳೇ ತುಕ್ಕು, ಅರ್ಧ ಹೊಸ ಹೊಳಪು. ಆಸ್ಪತ್ರೆಗೆ ಬಟ್ಟೆಬರೆ ಒಯ್ಯಲು ಊರಿಗೆ ಬಂದಿದ್ದ ಚನ್ನರಾಯಪ್ಪ, ಕೈಯಲ್ಲಿ ಚೀಲ ಹಿಡಿದುಕೊಂಡೇ ಬಂದು ನಿಂತ. ರಾತ್ರಿಯೆಲ್ಲ ನಿದ್ದೆಯಿಲ್ಲದ ಕಣ್ಣು.

ಬಿಚ್ಚಿಕೊಂಡು ಬಿದ್ದಿದ್ದ ಮುಂದಿನ ಚಕ್ರವನ್ನು ಮುನಿರಾಮಪ್ಪ ಕೈಯಲ್ಲಿ ಹಿಡಿದು ತಿರುಗಿಸಿದ. ಅದು ಒಂದಿಷ್ಟೂ ವಾಲದೆ ತಿರುಗಿತು.

"ನೋಡ್ರಪ್ಪಾ. ಇಷ್ಟು ಪೆಟ್ಟು ಬಿದ್ದು ಫೋರ್ಕೇ ತುಂಡಾಗೋಗಿದೆ, ಚಕ್ರ ಮಾತ್ರ ಮಿಸುಕಿಲ್ಲ. ಸಾಬ್ರ ಕೈ ಅಂದ್ರೆ ಇದು."

ಹೌದು ಹೌದು ಅಂದರು ಸುತ್ತ ನಿಂತವರು. ಸಾಬರು ನೆಲ ನೋಡುತ್ತಾ, "ಎಲ್ಲಾ ಮೇಲಿನವನದು," ಅಂದರು. ಚನ್ನರಾಯಪ್ಪ ಅವರ ಹತ್ತಿರ ಹೋಗಿ ಕೈ ಹಿಡಿದುಕೊಂಡ.

"ನೀವು ಮಾಡೋದೆಲ್ಲ ಮಾಡಿದ್ರಿ ಸಾಬ್ರೇ. ಮೂರು ಸಲ ನೋಡಿ ಕೊಟ್ರಿ. ನಮ್ಮ ಗ್ರಹಚಾರ, ಯಾರಿಗೇನು ಹೇಳೋಣ?"

ನಡುಬಾಗಿಲ ಒಳಗೆ ನಿಂತಿದ್ದ ಅಮೀನಾ ಬೀಗೆ ಇನ್ನು ತಡೆಯಲಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೋ ಏನೋ. ಅಂಗಡಿಗೆ ಬಂದು ಎಲ್ಲರ ನಡುವೆ ನಿಂತಳು.

"ಆ ಚಕ್ರ ಅವರು ಮಾಡಿದ್ದಲ್ಲ ಅಣ್ಣಾ. ನಾನು ಮಾಡಿದ್ದು."

"ಅಂದರ್ ಜಾ," ಅಂದರು ಸಾಬರು, ಮೆಲ್ಲಗೆ. ಅವಳು ಒಳಗೆ ಹೋಗಲಿಲ್ಲ.

"ಈ ಊರಿನ ಚಕ್ರ ಎಲ್ಲಾ ನಾನೇ ಮಾಡಿದ್ದು. ಇದು ಸರಿಯಾಗೇ ಇತ್ತು. ಉಜ್ಜೋದು ನಿಲ್ಲಲಿ ಅಂತ ಬೇಕಂತಲೇ ಒಂದ್ಕಡೆಗೆ ಎಳೆದೆ. ಉಜ್ಜುತ್ತಾನೇ ಇದ್ದಿದ್ರೆ ಯಾರಾದ್ರೂ ಫೋರ್ಕ್ ನೋಡ್ತಿದ್ರು."

ಮುನಿರಾಮಪ್ಪ ಚಕ್ರವನ್ನು ಮೆಲ್ಲಗೆ ಗೋಡೆಗೆ ಒರಗಿಸಿದ. ಚನ್ನರಾಯಪ್ಪ ಸಾಬರ ಮುಖ ನೋಡಿದ. ಸಾಬರು ಅಲ್ಲ ಅನ್ನಲಿಲ್ಲ. ಹಿಡಿದಿದ್ದ ಕೈಯನ್ನು ಚನ್ನರಾಯಪ್ಪ ಬಿಟ್ಟುಬಿಟ್ಟ.

"ನಿನ್ನೆ ಮಧ್ಯಾಹ್ನ ನೀವು ನನ್ನ ಮಗಳನ್ನ ನಿಲ್ಲಿಸಿ ಮಾತಾಡಿಸ್ತಿದ್ರಂತೆ ಬೂಬಮ್ಮ. ಮುನಿರಾಮಪ್ಪ ಹೇಳ್ದ. ಏನಂದ್ರಿ?"

"ಸೈಕಲ್ ಮೇಲೆ ಹೋಗ್ಬೇಡ ಅಂದೆ. ಫೋರ್ಕ್ ಸರಿಯಿಲ್ಲ ಅಂದೆ."

"ಅವಳೇನಂದ್ಲು?"

"ನಿಮಗೆ ಹೆಂಗೆ ಗೊತ್ತು ಅಂತ ಕೇಳಿದ್ಲು."

"ಅದಕ್ಕೆ ನೀವೇನಂದ್ರಿ?"

ಅಮೀನಾ ಬೀ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ಹೇಳ್ಲಿಲ್ಲ ಅಣ್ಣಾ," ಅಂದಳು. "ಕೇಳಿದ್ಲು, ನಾನು ಹೇಳ್ಲಿಲ್ಲ."

ಚನ್ನರಾಯಪ್ಪ ಬಟ್ಟೆಯ ಚೀಲವನ್ನು ಹೆಗಲಿಗೇರಿಸಿಕೊಂಡು ಕೋಲಾರದ ಬಸ್ಸಿಗೆ ನಡೆದ.